ಇಲಿಗಳು ಆರಾಮದಾವ

ನಾನು ಇಲಿಗಳಿಗೆ ಕ್ಯಾನ್ಸರ್ ಬರಿಸುವ ಕೆಲಸ ಮಾಡುತ್ತೇನೆ. ಹೀಗೆಂದರೆ ನಿಪ್ಪಾಣಿಯ ನಮ್ಮ ಓಣಿಯಲ್ಲಿ ಬೀಡಿ ಕಟ್ಟುತ್ತ ಕೂತ ಹೆಂಗಸರು ಕೈ ನಿಲ್ಲಿಸಿ ನನ್ನ ಮುಖ ನೋಡುತ್ತಾರೆ. ಒಬ್ಬಾಕೆಯಂತೂ ನೇರವಾಗಿ ಕೇಳಿದ್ದಳು: "ಬರಸೂದ್ಯಾಕ ಬೇ? ಬಂದದ್ದ ಸಾಲವಲ್ದೇನು?"

ಪುಣೆಯ ಒಂದು ಪ್ರಯೋಗಾಲಯದಲ್ಲಿ ನನ್ನ ಕೆಲಸ. ಅಲ್ಲಿ ನಾವು ಬೆನ್ನು ಹತ್ತಿರುವುದು ಒಂದೇ ರೋಗವನ್ನು: ಸಣ್ಣ ಕೋಶದ ಶ್ವಾಸಕೋಶ ಕ್ಯಾನ್ಸರ್. ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲೆಲ್ಲ ಇದು ಮಹಾ ಅವಸರದ್ದು. ಹೆಚ್ಚಾಗಿ ಬೀಡಿ ಸಿಗರೇಟು ಸೇದಿದವರಿಗೇ ಬರುತ್ತದೆ, ಬಂದ ಮೇಲೆ ವಾರಗಳ ಲೆಕ್ಕದಲ್ಲಿ ಬೆಳೆಯುತ್ತದೆ. ಆಸ್ಪತ್ರೆಯಲ್ಲಿ ಕೊಡುವ ಕಿಮೋ ಎಂಬುದು ಇಡೀ ಹೊಲಕ್ಕೆ ಕಳೆನಾಶಕದ ಎಣ್ಣೆ ಹೊಡೆದ ಹಾಗೆ, ಕಳೆಯೂ ಸುಡುತ್ತದೆ ಬೆಳೆಯೂ ಬಾಡುತ್ತದೆ. ನಾವು ಹುಡುಕುತ್ತಿದ್ದದ್ದು ಆ ರೋಗದ ಕೋಶದ ಮೈಮೇಲಿರುವ ಒಂದು ಗುರುತನ್ನು ಹಿಡಿದು ಅದನ್ನಷ್ಟೇ ಕೊಲ್ಲುವ ಔಷಧ. ಮನುಷ್ಯರಿಗೆ ಕೊಡುವ ಮೊದಲು ಗಾಜಿನ ತಟ್ಟೆಯಲ್ಲಿ, ಆಮೇಲೆ ಇಲಿಗಳಲ್ಲಿ ನೋಡಬೇಕು. ಕೂದಲಿಲ್ಲದ, ಗುಲಾಬಿ ಮೈಯ ಪುಟ್ಟ ಇಲಿಗಳು. ಅವುಗಳ ಪಕ್ಕೆಯ ಚರ್ಮದ ಕೆಳಗೆ ಆ ಕೋಶಗಳನ್ನು ಚುಚ್ಚಿ, ಗಂಟು ಬೆಳೆಸಿ, ಔಷಧ ಕೊಟ್ಟು, ವಾರಕ್ಕೆ ಎರಡು ಸಲ ಗಂಟಿನ ಉದ್ದಗಲ ಅಳೆಯುವವಳು ನಾನು. ಇಲಿಯ ಬಾಲದ ಎಳೆಯಂಥ ನರಕ್ಕೆ ಸೂಜಿ ಇಳಿಸುವುದರಲ್ಲಿ ನಮ್ಮ ಪ್ರಯೋಗಾಲಯದಲ್ಲಿ ನನ್ನ ಕೈಯನ್ನು ಮೀರಿಸುವವರಿಲ್ಲ. ಆ ಬೆರಳು ಅವ್ವನ ಪಕ್ಕ ಕೂತು ಬೀಡಿ ಕಟ್ಟಿ ಪಳಗಿದ ಬೆರಳು. ಇದನ್ನು ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ನನಗೆ ಹೆಮ್ಮೆಯೂ ಜಾಸ್ತಿ, ಸಿಟ್ಟೂ ಜಾಸ್ತಿ. ಎರಡನ್ನೂ ಸಹಿಸಿಕೊಂಡವನು ನನ್ನ ಸೋದರಮಾವ. ಅವ್ವನಿಗೆ ಒಬ್ಬನೇ ತಮ್ಮ. ರಾಯಬಾಗ ತಾಲೂಕಿನ ಪಾಲಬಾವಿಯ ಹೊರಗೆ ಹಟ್ಟಿ ಮಾಡಿಕೊಂಡು ಕುರಿ ಕಾಯುತ್ತಿದ್ದ. ಒಂದಿಷ್ಟು ಹೊಲವೂ ಇತ್ತು, ಆದರೆ ಅವನನ್ನು ಹೊಲದಲ್ಲಿ ಕಂಡವರು ಕಡಿಮೆ. ಶಾಲೆಯ ಸೂಟಿ ಬಿದ್ದರೆ ಸಾಕು, ನಾನು ಅವನ ಹಟ್ಟಿಯಲ್ಲಿ. ನಿಪ್ಪಾಣಿಗೆ ಬಂದಾಗ ಅವ್ವನ ಮೊರದಿಂದ ಛಾಟ್ ಬೀಡಿಗಳನ್ನು, ಅಂದರೆ ಸೊಟ್ಟಗಾದವು ಸಡಿಲಾದವು ಎಂದು ಕಾರ್ಖಾನೆಯವರು ತೆಗೆದು ಎಸೆದದ್ದನ್ನು, ಮಾಮಾ ಧೋತರದ ಗಂಟಿಗೆ ಹಾಕಿಕೊಂಡು ಹೋಗುತ್ತಿದ್ದ. "ಅಕ್ಕನ ಕೈಯಾಗಿಂದು, ಚೆಲ್ಲಾಕ ಬರತೈತೇನು?" ಎನ್ನುತ್ತಿದ್ದ. ಅವ್ವನೂ ಅವನಿಗೆಂದೇ ಎತ್ತಿಡುತ್ತಿದ್ದಳು.

ಹಿಂಗಾರಿ ಜೋಳ ಹಾಲುಗಾಳಿಗೆ ಬಂದ ದಿನಗಳಲ್ಲಿ ಮಾಮಾನ ಮೊಮ್ಮಗುವಿನ ಜವಳ ಇತ್ತು. ಕೊಕಟನೂರಿನ ಎಲ್ಲಮ್ಮನ ಗುಡಿಯಲ್ಲಿ ಮಗುವಿನ ಕೂದಲು ತೆಗೆಸಿ, ಹೊರಗೆ ಬೇವಿನ ಮರದ ಕೆಳಗೆ ಎಲ್ಲರೂ ಹೋಳಿಗೆ ಉಣ್ಣಲು ಕೂತಿದ್ದರು. ನಾನು ಆ ಮುಂಜಾನೆಯೇ ಪುಣೆಯಿಂದ ಬಂದಿಳಿದಿದ್ದೆ. ಬಂದವಳು ಸುಮ್ಮನೆ ಉಂಡೆನೇ? ಮೊಬೈಲು ತೆಗೆದೆ.

"ನೋಡ್ರಿ ಇಲ್ಲಿ. ಈ ಇಲಿಗೆ ಔಷಧ ಕೊಟ್ಟಿಲ್ಲ, ಗಂಟು ನೋಡ್ರಿ, ನೆಲ್ಲಿಕಾಯಷ್ಟು. ಈ ಇಲಿಗೆ ನಮ್ಮ ಔಷಧ ಕೊಟ್ಟೇವಿ. ಎಲ್ಲೈತಿ ಗಂಟು? ಹುಡುಕಿ ತೋರಸ್ರಿ!"

ಫೋನು ಕೈಯಿಂದ ಕೈಗೆ ಹೋಯಿತು. ಮೂರು ವಾರದಲ್ಲಿ ಗಂಟು ಮಾಯ. ಸುಳ್ಳಲ್ಲ, ಆ ವಾರವೇ ಕಣ್ಣಾರೆ ಕಂಡು, ಅಳೆಯಲು ಏನೂ ಸಿಗದೆ ಕುಣಿದಾಡಿ ಬಂದಿದ್ದೆ. ಅವ್ವ ಮಾತ್ರ ಹೋಳಿಗೆಗೆ ತುಪ್ಪ ಹಾಕುತ್ತ, "ಕೂಸು ಹುಟ್ಟೂಕಿಂತ ಮೊದ್ಲ ಕುಲಾವಿ ಹೊಲೀಬ್ಯಾಡ" ಎಂದು ಚುಚ್ಚಿದಳು. ನನಗೆ ಸಿಟ್ಟು ಬಂತು. "ನಿನಗೇನ ತಿಳೀತೈತಿ ಬಿಡು ಯವ್ವಾ" ಎಂದೆ, ಹತ್ತು ಜನರ ಮುಂದೆ.

ಮಾಮಾ ಒಬ್ಬನೇ ಫೋನನ್ನು ಬಹಳ ಹೊತ್ತು ಹಿಡಿದುಕೊಂಡಿದ್ದ. ಕೆಮ್ಮುತ್ತಿದ್ದ, ಆದರೆ ಬೀಡಿ ಸೇದುವವರು ಕೆಮ್ಮದೆ ಇನ್ನೇನು ಮಾಡುತ್ತಾರೆ ಎಂದು ಯಾರೂ ಗಮನಿಸಲಿಲ್ಲ.

"ಇದು ಎಲ್ಲಿ ಗಂಟವಾ?" ಎಂದ.

"ಪುಪ್ಪಸದ್ದು ಮಾಮಾ. ಸಣ್ಣ ಕೋಶದ್ದು ಅಂತಾರ. ಭಾಳ ಕೆಟ್ಟ ಜಾತಿ."

"ಸ್ಮಾಲ್ ಸೆಲ್ಲ?"

ಅವನ ಬಾಯಲ್ಲಿ ಆ ಮಾತು ಕೇಳಿ ನಾನು ಬೆರಗಾಗಬೇಕಿತ್ತು. ಬೆರಗಾಗಲಿಲ್ಲ. ಈಗಿನ ಕಾಲ, ಮೊಬೈಲಿನಲ್ಲಿ ಏನೇನೋ ಕೇಳಿರುತ್ತಾರೆ ಎಂದುಕೊಂಡೆ. "ಹಾಂ, ಅದ. ಶಾಣ್ಯಾ ಆಗೀಯಲ್ಲೋ ಮಾಮಾ!" ಎಂದು ಬೆನ್ನು ತಟ್ಟಿದೆ.

"ಇಲಿ ಬದುಕ್ಯಾವೇನು?"

"ಬದುಕ್ಯಾವ. ಓಡ್ಯಾಡಾಕತ್ತಾವ."

ಅವನು ತಲೆಯಾಡಿಸಿ ಫೋನು ಕೊಟ್ಟ. ಆ ದಿನ ಅವನು ಎರಡು ಹೋಳಿಗೆ ಜಾಸ್ತಿ ಉಂಡದ್ದು ನನಗೆ ನೆನಪಿದೆ.

ಪುಣೆಗೆ ಮರಳಿದ ಮೇಲೆ ಮಾಮಾ ಫೋನು ಮಾಡಲು ಶುರು ಮಾಡಿದ. ಅದಕ್ಕಿಂತ ಮೊದಲು ಅವನಾಗಿಯೇ ನನಗೆ ಫೋನು ಮಾಡಿದವನಲ್ಲ. ಎರಡು ವಾರಕ್ಕೊಮ್ಮೆ, ಕುರಿ ನೀರಿಗೆ ಬಿಟ್ಟ ಹೊತ್ತಿಗೆ. ಹಿಂದೆ ಕುರಿಗಳ ದನಿ ಕೇಳುತ್ತಿತ್ತು. ಆರಾಮದೀಯೇನು, ಊಟ ಆತೇನು ಎಂಬ ಮಾತು ಮುಗಿಸಿ, "ಇಲಿ ಹೆಂಗದಾವ್ವಾ?" ಎನ್ನುತ್ತಿದ್ದ.

"ಆರಾಮದಾವ ಮಾಮಾ." ನನಗೆ ನಗು ಬರುತ್ತಿತ್ತು. ನನ್ನ ಸಹೋದ್ಯೋಗಿಗಳಿಗೂ ಹೇಳಿ ನಗಿಸಿದ್ದೆ: ನಮ್ಮ ಮಾಮಾ ಕುರುಬ, ಇಲಿಗಳನ್ನೂ ಕುರಿಗಳ ಹಾಗೆ ವಿಚಾರಿಸಿಕೊಳ್ಳುತ್ತಾನೆ, ಅಂತ.

ಒಂದು ದಿನ ಒಂದು ಇಲಿಯ ಪಕ್ಕೆ ಒತ್ತಿ ನೋಡುವಾಗ ಬೆರಳಿಗೆ ಏನೋ ತಗುಲಿತು. ಜೋಳದ ಕಾಳಿನಷ್ಟು. ಮರುವಾರ ಪಕ್ಕದ ಪಂಜರದ ಇಲಿಗೂ ಬಂತು. ಅದರ ಮುಂದಿನ ವಾರ ಒಂದೊಂದು ಗಂಟನ್ನೂ ಎರಡೆರಡು ಸಲ ಅಳೆದೆ. ಔಷಧ ಸಾಯಿಸಿದ್ದು ನಿಜ, ಆದರೆ ಎಲ್ಲವನ್ನೂ ಸಾಯಿಸಿರಲಿಲ್ಲ. ಅಡಗಿ ಕೂತಿದ್ದ ಒಂದಷ್ಟು ಕೋಶಗಳು ಔಷಧಕ್ಕೆ ಒಗ್ಗಿಕೊಂಡು, ಮೊದಲಿಗಿಂತ ಜೋರಾಗಿ ಎದ್ದಿದ್ದವು. ಈ ರೋಗದ ಗುಣವೇ ಅದು, ಪುಸ್ತಕದಲ್ಲಿ ನೂರು ಸಲ ಓದಿದ್ದೆ. ಆದರೂ ನನ್ನ ಕೈಯಲ್ಲೇ ಆಗುತ್ತದೆ ಎಂದುಕೊಂಡಿರಲಿಲ್ಲ. ನಮ್ಮ ಮುಖ್ಯಸ್ಥರು ಸಭೆಯಲ್ಲಿ ಅಂಕಿ ನೋಡಿ ಚಷ್ಮಾ ತೆಗೆದಿಟ್ಟರು.

ಅದೇ ಮಧ್ಯಾಹ್ನ ಮಾಮಾನ ಫೋನು ಬಂತು. "ಇಲಿ ಹೆಂಗದಾವ್ವಾ?"

ನನ್ನ ತಲೆ ಕಾದ ಹೆಂಚಾಗಿತ್ತು. "ಇಲಿಗಳು ಆರಾಮದಾವ ಮಾಮಾ! ನಿನಗ ಬ್ಯಾರೆ ಕೆಲಸಿಲ್ಲೇನು? ಕುರಿ ಕಾಯಿ ಹೋಗು!" ಎಂದು ಫೋನು ಇಟ್ಟೆ.

ಪ್ರಯೋಗ ಮುಗಿದ ದಿನ ನಿಯಮದಂತೆ ಇಲಿಗಳನ್ನೆಲ್ಲ ನೋವಾಗದ ಹಾಗೆ ಕೊಂದೆವು. ಎರಡು ಇಲಿಗಳಲ್ಲಿ ಗಂಟು ಮರಳಿರಲೇ ಇಲ್ಲ. ಯಾಕೆ ಮರಳಲಿಲ್ಲ ಎಂದು ತಿಳಿಯಲು ಅವನ್ನೂ ಕೊಂದು, ಕೊಯ್ದು, ಶ್ವಾಸಕೋಶ ಪಿತ್ತಜನಕಾಂಗ ಎಲ್ಲ ತೆಗೆದು ಗಾಜಿನ ಪಟ್ಟಿಗೆ ಏರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಇದನ್ನೆಲ್ಲ ಊರಿಗೆ ನಾನು ತಿಳಿಸಲಿಲ್ಲ. ಸಿಹಿ ಸುದ್ದಿಯಾದರೆ ಫೋನು ಹಚ್ಚಿ ಹಚ್ಚಿ ಹೇಳುತ್ತೇವೆ, ಕಹಿಯದನ್ನು ಯಾರು ಹೇಳಿಕೊಂಡು ತಿರುಗುತ್ತಾರೆ?

ಜವಳವಾಗಿ ಮೂರು ತಿಂಗಳಾಗಿರಬೇಕು. ಅವ್ವ ಫೋನು ಮಾಡಿದಳು. "ಮಾಮಾ ಭಾಳ ಸೊರಗ್ಯಾನ ಅಂತ. ನಿನ್ನ ಹಾದೀನ ಕಾಯಾಕತ್ತಾನಂತ. ಏನಂತ ಕೇಳಿದ್ರ ನಿನ್ನ ಅತ್ತಿ ಬಾಯಿ ಬಿಡವಲ್ಲಳು. ಒಮ್ಮಿ ಬಂದು ಹೋಗಬೇ." ನಾನು ಸಿಡಿಮಿಡಿ ಮಾಡಿಕೊಂಡೇ ರಜೆ ಹಾಕಿದೆ. ಅವ್ವನನ್ನು ಕರೆದುಕೊಂಡು ಚಿಕ್ಕೋಡಿ, ರಾಯಬಾಗ ದಾಟಿ ಪಾಲಬಾವಿಯಲ್ಲಿ ಬಸ್ಸು ಇಳಿಯುವ ಹೊತ್ತಿಗೆ ಬಿಸಿಲು ಏರಿತ್ತು.

ಹಟ್ಟಿಯ ಮುಂದೆ ಹೊರಸಿನ ಮೇಲೆ ಮಾಮಾ ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತದೆಂದು ದಿಂಬುಗಳನ್ನು ಬೆನ್ನಿಗೆ ಒಟ್ಟಿಕೊಂಡು ಕೂತಿದ್ದ. ಮೈ ಕಡ್ಡಿಯಾಗಿತ್ತು, ಮುಖ ಮಾತ್ರ ಊದಿ ಕೆಂಪಾಗಿತ್ತು. ಕುತ್ತಿಗೆಯ ನರಗಳು ಬೆರಳಿನಷ್ಟು ದಪ್ಪ. ಅವ್ವ "ಯಪ್ಪಾ, ಏನಾಗೇತೋ ನಿನಗ!" ಎಂದು ಓಡಿ ಹೋಗಿ ಅವನ ಗಲ್ಲ ಹಿಡಿದಳು. ನಾನು ನಿಂತಲ್ಲೇ ನಿಂತೆ. ಎದೆಯೊಳಗೆ ಬೆಳೆದ ಗಂಟು ತಲೆಯಿಂದ ರಕ್ತ ಇಳಿಯುವ ನಾಳವನ್ನು ಒತ್ತಿದರೆ ಮುಖ ಹೀಗೆ ಊದುತ್ತದೆ. ಚಿತ್ರದಲ್ಲಿ ನೋಡಿದ್ದೆ. ಆ ಚಿತ್ರ ನನ್ನ ಮಾಮಾನ ಮುಖವಾಗಿ ಕೂತಿತ್ತು.

"ಬಂದಿ ಬಾರವಾ," ಎಂದ ಮಾಮಾ. ಊದಿದ ಕಣ್ಣುಗಳಲ್ಲೇ ನಕ್ಕ. "ತಂದೀಯೇನು?"

"ಏನ ಮಾಮಾ?"

"ಅದ. ಗಂಟು ಕರಗಸೂ ಔಷಧ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅತ್ತಿ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಕೈಗಿಟ್ಟಳು. ಮೀರಜಿನ ಒಂದು ಆಸ್ಪತ್ರೆಯ ಕಾಗದಗಳು. ಸೂಜಿ ಹಾಕಿ ತುಣುಕು ತೆಗೆದು ನೋಡಿದ ವರದಿ. ಸಣ್ಣ ಕೋಶದ ಶ್ವಾಸಕೋಶ ಕ್ಯಾನ್ಸರ್. ವಾರದೊಳಗೆ ಬಂದು ಚಿಕಿತ್ಸೆ ಶುರು ಮಾಡಬೇಕು ಎಂದು ಕೆಳಗೆ ಕೆಂಪು ಪೆನ್ನಿನಲ್ಲಿ ಬರೆದು, ಗೆರೆ ಎಳೆದಿದ್ದರು. ತಾರೀಖು ನೋಡಿದೆ. ಜವಳಕ್ಕೆ ನಾಲ್ಕು ದಿನ ಮೊದಲಿನದು.

ಅಯ್ಯೋ ಶಿವನೇ! ಬೇವಿನ ಮರದ ಕೆಳಗೆ ನನ್ನ ಫೋನು ಹಿಡಿದು ಕೂತಾಗ ಈ ವರದಿ ಅವನ ಮನೆಯಲ್ಲಿತ್ತು.

"ಹೋಗಲಿಲ್ಲ ಯಾಕ?" ಕಾಗದವನ್ನು ಅವನ ಮುಂದೆ ಹಿಡಿದೆ. "ಮಾಮಾ, ವಾರದಾಗ ಬಾ ಅಂತ ಬರದಾರಲ್ಲ. ಯಾಕ ಹೋಗಲಿಲ್ಲ?"

"ಯಾಕ ಹೋಗಲಿ?" ಎಂದ ಅವನು, ನಾನೇ ದಡ್ಡಿ ಎಂಬಂತೆ. "ನೀ ಇಲಿಗೆ ಔಷಧ ಕೊಟ್ಟು ನೋಡಾಕತ್ತಿದ್ದಿಯಲ್ಲ."

ಅವನ ಮಾತು ನಡು ನಡುವೆ ಉಸಿರಿಗಾಗಿ ನಿಲ್ಲುತ್ತಿತ್ತು. ಆದರೆ ಅದರಲ್ಲಿ ಒಂದಿಷ್ಟೂ ಗೊಂದಲವಿರಲಿಲ್ಲ. ಹಿಂಡಿಗೆ ಹೊಸ ರೋಗ ಬಂದರೆ ಅವನ ಹಟ್ಟಿಯಲ್ಲಿ ಒಂದು ಪದ್ಧತಿ ಇತ್ತು. ನಾನೂ ಸಣ್ಣವಳಿದ್ದಾಗ ಕಂಡದ್ದೇ. ಹೊಸ ಬೇರು, ಹೊಸ ಔಷಧ ಯಾವುದೇ ಇರಲಿ, ಮೊದಲು ರೋಗ ಬಂದ ಒಂದೇ ಕುರಿಯನ್ನು ಬೇರೆ ಕಟ್ಟಿ, ಬಿದಿರಿನ ಗೊಟ್ಟದಲ್ಲಿ ಕುಡಿಸುವುದು. ಕಾಯುವುದು. ಅದು ಎದ್ದು ಮೆಲುಕು ಹಾಕಿದರೆ ಉಳಿದವುಗಳಿಗೆ. ಹೀಗೆ ಹಿಂಡಿಗಾಗಿ ಪರೀಕ್ಷೆಗೆ ನಿಂತು ಬದುಕಿದ ಕುರಿಗೆ ಕೊರಳಲ್ಲಿ ಕೆಂಪು ದಾರ. ಅದನ್ನು ಮಾರುವುದಿಲ್ಲ, ಕಡಿಯುವುದಿಲ್ಲ, ಮುದಿಯಾಗಿ ತಾನಾಗಿ ಸಾಯುವ ತನಕ ಮೇವು ಹಾಕುವುದು.

"ಕುರಿಗಾದ್ರ ನಾಕ ದಿನ ಸಾಕು," ಎಂದ ಮಾಮಾ. "ಇದು ದೊಡ್ಡ ರೋಗ. ಅದಕ್ಕ ಹೆಚ್ಚ ಕಾದೆ. ಮತ್ತ ಮತ್ತ ಕೇಳಿದೆನಲ್ಲ, ಇಲಿ ಹೆಂಗದಾವ ಅಂತ. ನೀನ ಅಂದಿ ಆರಾಮದಾವ ಅಂತ."

"ಅಷ್ಟರತನಕ ಮೀರಜಿಗೆ ಹೋಗಿ ಅವರ ಔಷಧರ ತಗೋಬೇಕಿಲ್ಲೇನು!"

"ಒಂದ ಜೀವಕ್ಕ ಎರಡ ಔಷಧ ಹಾಕಬಾರದವಾ. ಯಾವುದರಿಂದ ಆರಾಮಾತು, ಯಾವುದರಿಂದ ಕೆಡತು, ತಿಳಿಯೂದಿಲ್ಲ."

ನಾನು ದಂಗಾಗಿ ಅವನನ್ನೇ ನೋಡಿದೆ. ನಮ್ಮ ಪ್ರಯೋಗಾಲಯದ ಪುಸ್ತಕದಲ್ಲೂ ಹಾಗೆಯೇ ಬರೆದಿದೆ. ಒಂದೇ ಪ್ರಾಣಿಗೆ ಎರಡು ಔಷಧ ಬೆರೆಸಬೇಡ, ಫಲ ತಿಳಿಯುವುದಿಲ್ಲ. ಅವನು ಹೆಜ್ಜೆ ಹೆಜ್ಜೆಗೂ ಸರಿಯಾಗಿಯೇ ಯೋಚಿಸಿದ್ದ. ತಪ್ಪಿದ್ದು ಒಂದೇ, ನನ್ನ ಮಾತನ್ನು ನಂಬಿದ್ದು.

ಅವ್ವನಿಗೆ ಅಷ್ಟೊತ್ತಿಗೆ ಎಲ್ಲ ತಿಳಿದುಹೋಗಿತ್ತು. ಅವಳು ಹೊರಸಿನ ಕಾಲ ಬಳಿ ಕುಸಿದು ಕೂತು ಎದೆ ಎದೆ ಬಡಿದುಕೊಂಡಳು. "ನನ್ನ ಕೈಯಾಗಿನ ಬೀಡೀನ ಸೇದ್ಯಾನ. ಎತ್ತಿಟ್ಟ ಎತ್ತಿಟ್ಟ ಕೊಟ್ಟೆನಲ್ಲೋ ಯಪ್ಪಾ." ಮಾಮಾ ಅವಳ ತಲೆಯ ಮೇಲೆ ಕೈಯಿಟ್ಟು, "ಸುಮ್ನಿರ ಅಕ್ಕಾ. ಇಕಿ ಬಂದಾಳಲ್ಲ" ಎಂದ.

ಇಕಿ ಬಂದಾಳಲ್ಲ. ಆ ಮಾತು ಕೇಳಿದ ಮೇಲೆ ಇನ್ನು ತಡೆಯಲು ಆಗಲಿಲ್ಲ. ಹೊರಸಿನ ಅಂಚಿಗೆ ಕೂತು ಹೇಳಿದೆ. ಗಂಟು ಕರಗಿದ್ದು ನಿಜ. ಆಮೇಲೆ ಮರಳಿ ಬಂತು. ಮೊದಲಿಗಿಂತ ದೊಡ್ಡದಾಗಿ ಬಂತು. ನೀ ಕಡೀ ಸಲ ಕೇಳಿದಾಗ ಇಲಿಗಳು ಆರಾಮ ಇರಲಿಲ್ಲ ಮಾಮಾ. ನಾ ಸಿಟ್ಟಿನಾಗ ಸುಳ್ಳ ಹೇಳಿದೆ. ಆ ಔಷಧ ಮನುಷ್ಯಾಗ ಕೊಡುವಂಥಾದ್ದಲ್ಲ, ಇನ್ನೂ ಎಷ್ಟೋ ವರ್ಷ ಐತಿ, ಕೊಡತಾರೋ ಇಲ್ಲೋ ಅದೂ ಗೊತ್ತಿಲ್ಲ.

ಅವನು ಸಿಟ್ಟಾಗುತ್ತಾನೆ, ಬೈಯುತ್ತಾನೆ ಎಂದು ತಲೆ ತಗ್ಗಿಸಿ ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಅವನು ಸ್ವಲ್ಪ ಹೊತ್ತು ಉಸಿರು ಸರಿಮಾಡಿಕೊಂಡು, "ಎಲ್ಲಾಕ್ಕೂ ಮರಳಿ ಬಂತೇನು? ಒಂದರ ಉಳೀಲಿಲ್ಲೇನು?" ಎಂದ.

"ಎರಡರಾಗ ಬರಲಿಲ್ಲ."

ಅವನ ಮುಖ ಅರಳಿತು. "ಮತ್ತ? ಅವ ಅದಾವಲ್ಲ? ಅವನ್ನ ನೋಡಿ ತಿಳೀಬೇಕವಾ."

"ಅವನ್ನೂ ಕೊಂದ್ವಿ ಮಾಮಾ. ಒಳಗ ಏನಾಗೇತಿ ಅಂತ ಕೊಯ್ದು ನೋಡಬೇಕಾಗಿತ್ತು."

ಮಾಮಾ ನನ್ನನ್ನು ನೋಡಿದ ರೀತಿಯನ್ನು ಇಂದಿಗೂ ಹೇಳಲು ನನಗೆ ಬರುವುದಿಲ್ಲ. ತನಗೆ ಔಷಧವಿಲ್ಲ ಎಂದಾಗ ಹಾಗೆ ನೋಡಿರಲಿಲ್ಲ. "ಆರಾಮಾಗಿದ್ದವನ್ನ?" ಎಂದ. "ಗೆದ್ದು ನಿಂತಿದ್ದವನ್ನ? ಯಾರರ ಕೊಲ್ಲತಾರೇನ?"

ಅದಕ್ಕೆ ಉತ್ತರ ಇದೆ, ನೂರು ಜನರ ಮುಂದೆ ಪರದೆಯ ಮೇಲೆ ಚಿತ್ರ ತೋರಿಸಿ ಹೇಳಬಲ್ಲೆ. ಅವನ ಮುಂದೆ ಅದನ್ನು ಹೇಳಲಿಲ್ಲ. ಅವನು ಹೊರಸಿನಿಂದ ಎದ್ದು, ಬೇಲಿ ಹಿಡಿದು ಹಿಡಿದು, ಕುರಿಗಳಿದ್ದ ಕಡೆ ಹೋದ.

ಆಗ ಅತ್ತಿ ಬಾಯಿ ತೆಗೆದಳು. "ಮೂರ ತಿಂಗಳ! ದಿನಾ ಕಾಲ ಬಿದ್ದೇನಿ, ನಡೀರಿ ಮೀರಜಿಗೆ ಅಂತ. ಸೊಸಿ ನೋಡಾಕತ್ತಾಳ, ಸೊಸಿ ನೋಡಾಕತ್ತಾಳ. ಒಂದ ಮಾತ ಹೇಳಾಕ ಏನಾಗಿತ್ತ ನಿನಗ? ಸತ್ತಾವ ಅಂತ ಒಂದ ಮಾತ?"

"ನನಗ ಗೊತ್ತಿರಲಿಲ್ಲ ಅತ್ತಿ, ಮಾಮಾಗ ಬ್ಯಾನಿ ಐತಿ ಅಂತ..."

"ಅವ ಯಾಕ ಕೇಳತಾನ ಅಂತರ ಕೇಳಬೇಕಿತ್ತಲ್ಲ!"

ಕೇಳಬೇಕಿತ್ತು. ಕುರಿ ಕಾಯುವವನು ಬಿಸಿಲಲ್ಲಿ ನಿಂತು ಪುಣೆಯ ಇಲಿಗಳನ್ನು ಯಾಕೆ ವಿಚಾರಿಸುತ್ತಾನೆ ಎಂದು ಒಂದು ಸಲವಾದರೂ ಕೇಳಬೇಕಿತ್ತು. ಪ್ರಶ್ನೆ ಕೇಳುವುದೇ ನನ್ನ ವೃತ್ತಿ, ಅದರ ಮೇಲೇ ನಾನು ಬದುಕುತ್ತಿರುವುದು.

ಮಾಮಾ ಅರ್ಧ ತಾಸಿನ ಮೇಲೆ ಬಂದ. ಮುಖ ತೊಳೆದುಕೊಂಡಿದ್ದ, ಒಗೆದ ಅಂಗಿ ಹಾಕಿಕೊಂಡ. "ನಡೀರಿ, ಮೀರಜಿಗೆ ಹೋಗೂಣು" ಎಂದ. ನನ್ನ ಮುಖ ನೋಡಲಿಲ್ಲ.

ಒಂದು ಗಾಡಿ ಗೊತ್ತು ಮಾಡಿದೆವು. ಕಬ್ಬಿನ ಹಂಗಾಮು ಮುಗಿಯುತ್ತ ಬಂದಿದ್ದರೂ ಉಗಾರ ಖುರ್ದದ ಹತ್ತಿರ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಒಂದೊಂದರ ಹಿಂದೆ ಎರಡೆರಡು ಟ್ರಾಲಿ. ನಮ್ಮ ಗಾಡಿ ಒಂದು ಮಾರು ಹೋಗುವುದು, ನಿಲ್ಲುವುದು. ಮಾಮಾ ಕಿಟಕಿಗೆ ಮುಖ ಕೊಟ್ಟು ಗಾಳಿ ಎಳೆಯುತ್ತಿದ್ದ. ನಾನು ಇಳಿದು ಟ್ರ್ಯಾಕ್ಟರಿನವರ ಮೇಲೆ ಹರಿಹಾಯ್ದೆ. "ಪೇಶಂಟ್ ಅದಾರ್ರಿ! ಸರೀರಿ ಬಾಜೂಕ!" ಪಾಪ, ಅವರೇನು ಮಾಡಿಯಾರು, ಹಿಂದೂ ಕಬ್ಬು ಮುಂದೂ ಕಬ್ಬು. ಕಡೆಗೆ ನಾಲ್ಕಾರು ಜನ ಇಳಿದು ಬಂದು, ಒಬ್ಬರಿಗೊಬ್ಬರು ಕೂಗಿ ಹೇಳಿ, ಹೊಲದ ಅಂಚಿಗೆ ಗಾಡಿ ಇಳಿಸಿ ದಾಟಿಸಿದರು. ಕಾಗವಾಡ ದಾಟಿ ಗಡಿಯ ಆಚೆ ಹೋದಾಗ ಮಾಮಾ ಮೊದಲ ಬಾರಿಗೆ ಮಾತಾಡಿದ.

"ನೀ ಉಂಡಿಲ್ಲ ಮುಂಜಾನಿಂದ."

"ಹಸಿವಿಲ್ಲ ಮಾಮಾ."

"ಅಲ್ಲಿ ಇಳದ ಕೂಡ್ಲೆ ಏನರ ತಿನ್ನು" ಎಂದ. ನಾನು ಆಚೆ ಮುಖ ತಿರುಗಿಸಿಕೊಂಡು ಅತ್ತೆ.

ಆಸ್ಪತ್ರೆಯಲ್ಲಿ ಮತ್ತೆ ಸ್ಕ್ಯಾನು ಮಾಡಿದರು. ಚೀಟಿ ಮಾಡಿಸಲು ಅತ್ತಿಯೂ ಅವ್ವನೂ ಹೊರಗಿನ ಸಾಲಿನಲ್ಲಿ ನಿಂತಿದ್ದರು. ಡಾಕ್ಟರ ಕೋಣೆಯಲ್ಲಿ ಇದ್ದವರು ನಾನು ಮತ್ತು ಮಾಮಾ ಇಬ್ಬರೇ. ಡಾಕ್ಟರು ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಪಕ್ಕ ಪಕ್ಕ ಇಟ್ಟರು. ನನಗೆ ಯಾರೂ ವಿವರಿಸಬೇಕಿರಲಿಲ್ಲ. ಹಳೆಯದರಲ್ಲಿ ಗಂಟು ಎದೆಯ ಒಂದೇ ಪಕ್ಕಕ್ಕಿತ್ತು. ಹೊಸದರಲ್ಲಿ ಎದೆಯ ನಡುವೆ, ಪಿತ್ತಜನಕಾಂಗದಲ್ಲಿ, ಎಲ್ಲೆಲ್ಲೋ ಇತ್ತು. ಆಗಲೇ ಬಂದಿದ್ದರೆ ಔಷಧದ ಜೊತೆ ವಿಕಿರಣ ಚಿಕಿತ್ಸೆಯನ್ನೂ ಕೊಟ್ಟು ಪೂರ್ತಿ ಗುಣ ಮಾಡುವ ಪ್ರಯತ್ನ ಮಾಡಬಹುದಿತ್ತು, ಈಗ ಅದು ಕೈಮೀರಿದೆ, ಉಸಿರು ಹಗುರ ಮಾಡಬಹುದು, ಕೆಲವು ತಿಂಗಳು ಕೊಡಬಹುದು, ಎಂದು ಅವರು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಮಾಮಾನ ಕಡೆ ತಿರುಗಿದರು.

"ಮಾಮಾ, ತೀನ್ ಮಹಿನೇ ಕುಠೇ ಹೋತಾತ್?" ಮೂರು ತಿಂಗಳು ಎಲ್ಲಿದ್ದಿರಿ, ಎಂದು ಮರಾಠಿಯಲ್ಲಿ. ದನಿಯಲ್ಲಿ ಸಿಟ್ಟಿತ್ತು, ಒಳ್ಳೆಯ ಡಾಕ್ಟರಿಗೆ ಬರಬೇಕಾದ ಸಿಟ್ಟು.

ನಾನು ಕುರ್ಚಿಯ ಅಂಚು ಹಿಡಿದುಕೊಂಡೆ. ಈಗ ಹೇಳುತ್ತಾನೆ. ಹೇಳಲಿ. ಹೇಳಬೇಕಾದದ್ದೇ.

ಮಾಮಾ ಕೈ ಜೋಡಿಸಿದ. "ಮೆಂಢರಂ ಸೋಡೂನ್ ಯೇತಾ ಆಲಂ ನಾಹೀ, ಸಾಹೇಬ್." ಕುರಿ ಬಿಟ್ಟು ಬರಲಿಕ್ಕೆ ಆಗಲಿಲ್ಲ ಸಾಹೇಬರೇ.

ಡಾಕ್ಟರು ಮೇಜು ಕುಟ್ಟಿದರು. ಕುರಿ ದೊಡ್ಡವೋ ಜೀವ ದೊಡ್ಡದೋ, ನಿಮ್ಮಂಥವರಿಗೆ ಎಷ್ಟು ಹೇಳಿದರೂ ಅಷ್ಟೇ, ಕೆಂಪು ಅಕ್ಷರದಲ್ಲಿ ಬರೆದು ಕೊಟ್ಟಿದ್ದೆನಲ್ಲ, ಎಂದು ಬೈದರು. ಮಾಮಾ ತಲೆ ತಗ್ಗಿಸಿ, "ಚುಕಲಂ ಸಾಹೇಬ್, ಚುಕಲಂ" ಎಂದ. ತಪ್ಪಾಯಿತು, ತಪ್ಪಾಯಿತು. ಅರವತ್ತು ದಾಟಿದ ಮನುಷ್ಯ, ತನ್ನ ಆಯುಷ್ಯದಲ್ಲಿ ಒಬ್ಬರಿಂದ ಒಂದು ಮಾತು ಅನ್ನಿಸಿಕೊಳ್ಳದವನು.

"ನೀವು ಯಾರು ಇವರಿಗೆ?" ಎಂದು ಡಾಕ್ಟರು ನನ್ನನ್ನು ಕೇಳಿದರು.

ಸೋದರಸೊಸೆ, ಅಕ್ಕನ ಮಗಳು ಎಂದೆ. ಯಾಕೋ, ಅಷ್ಟಕ್ಕೇ ನಿಲ್ಲಿಸದೆ, ನಾನೂ ಇದೇ ಕ್ಯಾನ್ಸರಿನ ಔಷಧದ ಸಂಶೋಧನೆಯಲ್ಲಿದ್ದೇನೆ ಎಂದೂ ಹೇಳಿದೆ. ಅವರ ಮುಖ ಬದಲಾಯಿತು. ಕುರ್ಚಿಯಲ್ಲಿ ನೆಟ್ಟಗಾದರು. "ಹಾಗಾದರೆ ನಿಮಗೆ ನಾನೇನು ಹೇಳಲಿ. ನೀವೇ ನೋಡಿ, ಇವರು ಹೇಗೆ ಮಾಡಿಕೊಳ್ಳುತ್ತಾರೆ. ನಿಮ್ಮಂಥವರು ಇವರಿಗೆ ತಿಳಿಹೇಳಬೇಕು."

"ಹೌದು ಸರ್," ಎಂದೆ ನಾನು.

ಅವರು ಫೈಲಿನಲ್ಲಿ ಇಂಗ್ಲಿಷಿನಲ್ಲಿ ಬರೆದರು. ಎದುರಿಂದ ತಲೆಕೆಳಗಾಗಿ ಕಾಣುತ್ತಿದ್ದ ಅಕ್ಷರಗಳನ್ನು ನಾನು ಓದಿದೆ: ರೋಗಿಯ ಸ್ವಂತ ನಿರ್ಲಕ್ಷ್ಯದಿಂದ ಚಿಕಿತ್ಸೆ ತಡವಾಗಿದೆ. ಮಾಮಾ ನನ್ನ ಪಕ್ಕದಲ್ಲೇ ಕೂತಿದ್ದ. ಒಂದು ಮಾತು ಹೇಳಲು ನನಗೆ ಬೇಕಾದಷ್ಟು ಸಮಯವಿತ್ತು. ಅವರು ಸಹಿ ಮಾಡಿದರು, ಮುದ್ರೆ ಒತ್ತಿದರು, ಗಂಟೆ ಬಾರಿಸಿ ನರ್ಸನ್ನು ಕರೆದರು. ನಾನು ಮಾಮಾನ ಚಪ್ಪಲಿ ನೋಡುತ್ತ ಕೂತಿದ್ದೆ.

ಮೊದಲ ಔಷಧಕ್ಕೇ ಮುಖದ ಊತ ಇಳಿಯಿತು. ಒಂದು ತಿಂಗಳಿಗೆ ಮಾಮಾ ಮಲಗಿ ನಿದ್ದೆ ಮಾಡತೊಡಗಿದ, ಮಳೆಗಾಲದಲ್ಲಿ ಕುರಿಗಳ ಹಿಂದೆ ಒಂದಷ್ಟು ದೂರ ನಡೆದ. ಫೋನಿನಲ್ಲಿ ಅವನ ಹುರುಪಿನ ದನಿ ಕೇಳಿದಾಗಲೆಲ್ಲ ನನಗೆ ಆ ಇಲಿಗಳು ನೆನಪಾಗುತ್ತಿದ್ದವು. ಮುಂದೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ದೀಪಾವಳಿಗಿಂತ ಮುಂಚೆ ಗಂಟು ಮರಳಿತು. ಹಬ್ಬವಾದ ಮೂರನೆಯ ವಾರ ಮಾಮಾ ಹೋದ. ಮೂರು ತಿಂಗಳ ಮಾತನ್ನು ಅವನು ನನ್ನೆದುರು ಮತ್ತೆ ಎತ್ತಲಿಲ್ಲ. ಬೇರೆಯವರೆದುರೂ ಎತ್ತಿರಲಿಲ್ಲವೆಂದು ಮಣ್ಣಿಗೆ ಬಂದ ಜನ ನನಗೆ ತೋರಿಸಿದ ಮರ್ಯಾದೆಯಿಂದಲೇ ತಿಳಿಯಿತು.

ದಿನಕರ್ಮ ಮುಗಿದ ಮೇಲೆ ಅತ್ತಿ ಆ ಫೈಲು ತಂದು ನನ್ನ ಮುಂದೆ ಇಟ್ಟಳು. ಅವಳಿಗೆ ಕನ್ನಡ ಓದಲು ಬರುತ್ತದೆ, ಇಂಗ್ಲಿಷು ಬರುವುದಿಲ್ಲ.

"ಇದರಾಗ ಅವರ ಬಗ್ಗೆ ಏನೇನ ಬರದಾರ, ಎಲ್ಲಾ ಓದಿ ಹೇಳ್ವಾ," ಎಂದಳು. "ಒಂದೂ ಬಿಡಬ್ಯಾಡ."

ನಾನು ಮೊದಲ ಹಾಳೆಯಿಂದ ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ರಕ್ತದ ಪರೀಕ್ಷೆ, ತೂಕ, ಯಾವ ದಿನ ಯಾವ ಔಷಧ, ಎಷ್ಟು ಬಾಟಲಿ. ಅತ್ತಿ ಪ್ರತಿಯೊಂದಕ್ಕೂ "ಹೂಂ" ಎನ್ನುತ್ತಿದ್ದಳು. ಸ್ವಂತ ನಿರ್ಲಕ್ಷ್ಯ ಎಂದು ಬರೆದ ಆ ಸಾಲು ಬಂತು. ಅದನ್ನು ಬಿಟ್ಟು ಕೆಳಗಿನದನ್ನು ಓದಿದೆ.